ಜಪಾನಿನ ಮೌಂಟ್‌ಗೆ ಮೈಸೂರಿನ ಬೆಣೆ

"ಅದು ನಮ್ಮೂರಿಗೆ ಆಗಿಬರಲ್ಲ ಗುರುವೇ, ಸುಮ್ನೆ ಗುಜರಿಗೇ ವಾಪಸ್ ಕೊಡು" ಅಂತ ನಾನು ಗುಜರಿಯಿಂದ ತಂದ ಹಳೆ ಜಪಾನೀ ಟೆಲಿಸ್ಕೋಪ್ ನೋಡಿ ನಮ್ಮ ನಕ್ಷತ್ರ ನೋಡುವ ಗುಂಪಿನಲ್ಲಿ ಎಲ್ಲರೂ ಹೇಳಿದ್ದರು. ಹಾಗೆ ಹೇಳಿದವರಲ್ಲಿ ಇಬ್ಬರು ಹೋದ ಜನವರಿಯಲ್ಲಿ ನನ್ನ ತಾರಸಿಗೆ ಬಂದು, ರೈಜೆಲ್ ಪಕ್ಕದ ಪುಟ್ಟ ಜೊತೆ ನಕ್ಷತ್ರ ನೋಡಿ, ಕಾಫಿ ಕುಡಿದು, ಅದರ ಬುಡಕ್ಕೆ ನಾನಿಟ್ಟ ಮರದ ಬೆಣೆಯ ಅಳತೆ ಬರೆದುಕೊಂಡು ಹೋದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಸಾಮಾನು ಇದು: 60 ಮಿ.ಮೀ. ಲೆನ್ಸ್, 900 ಮಿ.ಮೀ. ಫೋಕಲ್ ಲೆಂತ್. ಅಂದರೆ ಎಫ್/15, ಹಳೆ ಜಪಾನೀ ಉದ್ದಕೊಳವೆ. ಜೊತೆಗೆ ಮರದ ಟ್ರೈಪಾಡ್, ಪುಟ್ಟ ಜರ್ಮನ್ ಇಕ್ವಟೋರಿಯಲ್ ಮೌಂಟ್, ಅಂದರೆ ಕೊಳವೆಯನ್ನು ಹೊತ್ತು, ಭೂಮಿಯ ಅಕ್ಷದ ದಿಕ್ಕಿಗೇ ಇರುವ ಒಂದು ಅಕ್ಷದ ಸುತ್ತ ತಿರುಗಿಸುವ ತಲೆ. ಗುಜರಿಯವನು 6,000 ಕೇಳಿದ, 4,500ಕ್ಕೆ ಬಂತು. ಪೆಟ್ಟಿಗೆಯಲ್ಲಿ ಐಪೀಸಿಗೆ (ಕಣ್ಣಿಟ್ಟು ನೋಡುವ ಲೆನ್ಸಿಗೆ) ತಿರುಗಿಸಿ ಹಾಕುವ ಕಡುಹಸಿರು ಸೂರ್ಯನ ಫಿಲ್ಟರ್ ಕೂಡ ಇತ್ತು. ಅದನ್ನು ಅಲ್ಲೇ ಸುತ್ತಿಗೆಯಲ್ಲಿ ಒಡೆದೆ. ಬಿಸಿಗೆ ಫಟ್ ಅಂತ ಸೀಳಿದರೆ ಕಣ್ಣೇ ಹೋಗುತ್ತದೆ. ನಿಮ್ಮ ಹತ್ತಿರ ಇದ್ದರೆ ನೀವೂ ಒಡೆದುಬಿಡಿ.

ಮೊದಲ ತಪ್ಪು ಲೆನ್ಸಿನಲ್ಲಿ. ಫಂಗಸ್ ತೆಗೆಯೋಣ ಅಂತ ಎರಡೂ ಗಾಜು ಬಿಚ್ಚಿದೆ, ಅಂಚಿಗೆ ಪೆನ್ಸಿಲ್ ಗುರುತು ಹಾಕಲಿಲ್ಲ. ಗಾಜುಗಳ ಮಧ್ಯೆ ಇರುವ ಮೂರು ತಗಡಿನ ಚೂರುಗಳಲ್ಲಿ ಒಂದು ಫ್ಯಾನ್ ಗಾಳಿಗೆ ಹಾರಿಹೋಯಿತು. ಜೋಡಿಸಿ ನೋಡಿದರೆ ಗುರು ಗ್ರಹ ಹತ್ತಿ ಉಂಡೆ! ಎರಡು ವಾರ ತಲೆ ಕೆಟ್ಟಿತ್ತು. ಕೊನೆಗೆ ಮೂರೂ ಚೂರು ಬದಲಾಯಿಸಿ, ಮಾತ್ರೆ ಪಟ್ಟಿಯ ಬೆಳ್ಳಿ ಹಾಳೆ ಕತ್ತರಿಸಿ ಇಟ್ಟೆ. ಎಷ್ಟು ಮಡಿಕೆ ಅನ್ನೋದು ನನ್ನ ಹತ್ತಿರವೇ ಇರಲಿ. ಆಮೇಲೆ ಒಂದು ಗಾಜನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ, ಪ್ರತಿ ಸಲ ನಕ್ಷತ್ರ ನೋಡುತ್ತಾ ಹೋದೆ. ಒಂಬತ್ತೋ ಹತ್ತೋ ಸಲಕ್ಕೆ ನಕ್ಷತ್ರದ ಸುತ್ತ ಕಾಣುವ ಉಂಗುರಗಳು ದುಂಡಗಾದವು.

ಮೌಂಟಿನ ಒಳಗಿನ ಗ್ರೀಸ್ ಆರಿದ ಬೆಲ್ಲದ ಪಾಕದ ಹಾಗೆ ಗಟ್ಟಿಯಾಗಿತ್ತು. ಎರಡು ದಿನ ಸೀಮೆಎಣ್ಣೆಯಲ್ಲಿ ನೆನೆಸಿದೆ. ಸವೆದ ಬುಷ್ ಜಾಗಕ್ಕೆ ಲೇತ್‌ನಲ್ಲಿ ಹಿತ್ತಾಳೆಯದು ಮಾಡಿಸಿದೆ, 600 ರೂಪಾಯಿ. ಇಷ್ಟಕ್ಕೇ ಕೈಗೆ ಬೆಣ್ಣೆಯ ಹಾಗೆ ತಿರುಗಿತು. ಈ ಹಳೆಯವುಗಳ ಮೇಲೆ ನನಗೆ ಪ್ರೀತಿ ಇರುವುದು ಇದಕ್ಕೇ. ಬಿಚ್ಚಿದರೆ ಪೂರ್ತಿ ಬಿಚ್ಚಿಕೊಳ್ಳುತ್ತದೆ, ಅಂಟಿಸಿದ ಪ್ಲಾಸ್ಟಿಕ್ ಒಂದೂ ಇಲ್ಲ.

ನಿಜವಾದ ಜಗಳ ಅಕ್ಷಾಂಶದ್ದು. ಮೌಂಟಿನ ಅಕ್ಷ ನಾವಿರುವ ಊರಿನ ಅಕ್ಷಾಂಶದಷ್ಟೇ ಡಿಗ್ರಿ ಮೇಲಕ್ಕೆ, ಉತ್ತರಕ್ಕೆ ಮುಖ ಮಾಡಿರಬೇಕು. ಟೋಕಿಯೋ ಇರುವುದು 35 ಡಿಗ್ರಿಯ ಆಚೆ, ಮೈಸೂರು 12ರ ಹತ್ತಿರ. ಈ ಮೌಂಟ್ 20ಕ್ಕೇ ನಿಂತುಬಿಡುತ್ತದೆ, ಕೆಳಗೆ ಬಗ್ಗುವುದಿಲ್ಲ. ಅರದಿಂದ ಉಜ್ಜಿ ಇನ್ನಷ್ಟು ಬಗ್ಗಿಸಬಹುದು ಅಂತ ಒಬ್ಬರು ಹೇಳಿದರು. ಹಾಗೆ ಬಗ್ಗಿಸಿದರೂ ಪೂರ್ವಕ್ಕೆ ನೋಡುವಾಗ ಕೊಳವೆಯ ತೂಕ ಸರಿದೂಗಿಸುವ ಕೌಂಟರ್‌ವೇಟ್ ನೇರ ಕೆಳಗೆ ಬಂದು ಟ್ರೈಪಾಡ್ ಕಾಲಿಗೆ ಬಡಿಯುತ್ತದೆ. ದಕ್ಷಿಣದ ಕಾಲಿನ ಕೆಳಗೆ ಇಟ್ಟಿಗೆ ಪೇರಿಸಿದೆ. ಮೂರನೇ ಇಟ್ಟಿಗೆಗೆ ಎಲ್ಲ ಸಮೇತ ಉರುಳಿತು. ಕೊಳವೆಯಲ್ಲಿ ಆ ತಗ್ಗು ಈಗಲೂ ಇದೆ.

ಆಗ ಹೊಳೆದದ್ದು ಬೆಣೆ. ಮೌಂಟ್ ತಾನಿನ್ನೂ ಜಪಾನಿನಲ್ಲೇ ಇದ್ದೇನೆ ಅಂದುಕೊಂಡಿರಲಿ. ಮೌಂಟಿನ ಅಕ್ಷಾಂಶದ ಸ್ಕೇಲ್ 35ರಲ್ಲೇ ಬಿಟ್ಟು, ಅದರ ಬುಡಕ್ಕೆ 23 ಡಿಗ್ರಿಯ ಬೆಣೆ. 20 ಸೆಂ.ಮೀ. ಉದ್ದಕ್ಕೆ ಸುಮಾರು ಎಂಟೂವರೆ ಸೆಂ.ಮೀ. ಏರು. ಬಂಬೂ ಬಜಾರಿನ ಬಡಗಿ "ಸಾರ್, ಇಷ್ಟು ಸೊಟ್ಟಗೆ ಮಾಡಿದ್ರೆ ದೇವ್ರು ಹೆಂಗೆ ಕೂರ್ತಾನೆ?" ಅಂದ. ದೇವರ ಪೀಠ ಅಂದುಕೊಂಡಿದ್ದ. ಮೊದಲು ಪ್ಲೈವುಡ್‌ನಲ್ಲಿ ಮಾಡಿಸಿದ್ದು ಮಳೆಗಾಲಕ್ಕೆ ಉಬ್ಬಿ ಪದರ ಬಿಟ್ಟಿತು, 350 ದಂಡ. ಎರಡನೆಯದು ಹಲಸಿನದು, 700. ಅದನ್ನೂ ಮೊದಲ ರಾತ್ರಿ ಉಲ್ಟಾ ಹಾಕಿದೆ. 35ಕ್ಕೆ 23 ಸೇರಿ ಮೌಂಟ್ ಮಾಸ್ಕೋ ದಾಟಿ ಕೂತಿತು. ದಪ್ಪ ಕಡೆ ದಕ್ಷಿಣಕ್ಕೆ ಬರಬೇಕು.

ಟ್ರೈಪಾಡ್‌ನ ಒಂದು ಕಾಲು ಉತ್ತರಕ್ಕಿರಲಿ ಅಂತ ನಾವೆಲ್ಲ ಕಲಿತಿದ್ದೇವೆ ಅಲ್ವಾ? ಇಲ್ಲಿ ಅದನ್ನು ಮರೆಯಿರಿ. ಎರಡು ಕಾಲು ಉತ್ತರಕ್ಕಿಟ್ಟರೆ ಕೌಂಟರ್‌ವೇಟ್ ಅವುಗಳ ಸಂದಿಯಲ್ಲಿ ನುಸುಳಿಹೋಗುತ್ತದೆ. ಭಾರ ಮುಂದಕ್ಕೆ ವಾಲುತ್ತದೆ ನಿಜ, ಅದಕ್ಕೆ ದಕ್ಷಿಣದ ಕಾಲಿಗೆ ನಾಲ್ಕೈದು ಕೆಜಿ ಮರಳಿನ ಚೀಲ ಕಟ್ಟಿದ್ದೇನೆ. ಧ್ರುವ ನಕ್ಷತ್ರ ನಮ್ಮ ಬೀದಿಯಲ್ಲಿ ತೆಂಗಿನ ಮರದ ಹಿಂದೆ. ಹಾಗಾಗಿ ಡ್ರಿಫ್ಟ್, ಅಂದರೆ ನಕ್ಷತ್ರ ಯಾವ ಕಡೆ ಜಾರುತ್ತದೆ ಅನ್ನೋದನ್ನು ನೋಡಿಯೇ ಅಕ್ಷ ಸರಿಮಾಡಬೇಕು. ಮಹಾವ್ಯಾಧನ ಸೊಂಟದ ಮಿಂಟಾಕಾ ನೆತ್ತಿಯ ಹತ್ತಿರ ಬಂದಾಗ ಹಿಡಿಯುತ್ತೇನೆ. ಅದು ದಕ್ಷಿಣಕ್ಕೆ ಜಾರಿದರೆ ಅಕ್ಷವನ್ನು ಪಶ್ಚಿಮಕ್ಕೆ ತಿರುಗಿಸುತ್ತೇನೆ. ಮೊದಲ ಸಲ ಒಂದೂವರೆ ಗಂಟೆ ಹಿಡಿಯಿತು. ಈಗ ತಾರಸಿಯ ಮೇಲೆ ಬಣ್ಣದ ಗುರುತಿದೆ, ಹತ್ತು ನಿಮಿಷ ಸಾಕು.

ಮಧ್ಯೆ ಒಂದು ಹುಚ್ಚು. ಅಕ್ಷ ತಿರುಗಿಸುವ ವರ್ಮ್ ಗೇರಿನ ಹಲ್ಲು ಎಣಿಸಿದೆ, 144. ಹಿಡಿ ಒಂದು ಸುತ್ತು ಬಂದರೆ ಒಂದು ಹಲ್ಲು ಸರಿಯುತ್ತದೆ, ಆಕಾಶ ಪೂರ್ತಿ ಸುತ್ತಲು ಹೆಚ್ಚುಕಡಿಮೆ ಒಂದು ದಿನ. ಅಂದರೆ ಹಿಡಿಗೆ ಸುಮಾರು ಹತ್ತು ನಿಮಿಷಕ್ಕೊಂದು ಸುತ್ತು. ಕೆಟ್ಟ ಮೈಕ್ರೋವೇವ್‌ನ ತಟ್ಟೆ ತಿರುಗಿಸುವ ಮೋಟಾರ್ ನಿಮಿಷಕ್ಕೆ ಐದು ಸುತ್ತು. ಐವತ್ತು ಪಟ್ಟು ಇಳಿಸಿದರೆ ಆಯಿತಲ್ಲ ಅಂತ ಹಳೆ ಪ್ರಿಂಟರ್ ಗೇರುಗಳನ್ನು ಜೋಡಿಸಿದೆ. ಓಡಿತು! ಆದರೆ ಆ ಮೋಟಾರಿಗೆ ದಿಕ್ಕಿನ ನಿಯತ್ತಿಲ್ಲ. ಸ್ವಿಚ್ ಹಾಕಿದಾಗ ಒಂದು ಸಲ ಪಶ್ಚಿಮಕ್ಕೆ, ಇನ್ನೊಂದು ಸಲ ಪೂರ್ವಕ್ಕೆ. ಒಂದು ತಿಂಗಳು, ಒಂದು ಸಾವಿರ ರೂಪಾಯಿ ನೀರುಪಾಲು. ಈಗ ಕೈಯಲ್ಲೇ ತಿರುಗಿಸುತ್ತೇನೆ. 150 ಪಟ್ಟಿನಲ್ಲೂ ಎರಡು ಬೆರಳು ಸಾಕು.

ಐಪೀಸ್, ಅಡಾಪ್ಟರ್ ಎಲ್ಲ ಸೇರಿ ಹನ್ನೊಂದು ಸಾವಿರದ ಆಸುಪಾಸು ಆಗಿರಬೇಕು. ಮನೆಯಲ್ಲಿ ಏಳು ಅಂತ ಹೇಳಿದ್ದೇನೆ. ಹುಬ್ಬಳ್ಳಿ ಕಡೆಯವರು ಮಾಡುವುದಾದರೆ 23 ಬೇಡ, 20ರ ಹತ್ತಿರದ ಬೆಣೆ ಸಾಕು. ಕಲಬುರಗಿಗೆ 18. ಸ್ಕೇಲ್ ಮಾತ್ರ 35ರಲ್ಲೇ ಇರಲಿ.

ಫೋಕಸ್ ಹಲ್ಲುಪಟ್ಟಿ ಸವೆದು ಆಗಾಗ ಜಾರುತ್ತಿದೆ. ಸದ್ಯಕ್ಕೆ ಸೈಕಲ್ ಟ್ಯೂಬಿನ ಒಂದು ಚೂರು ಸಿಕ್ಕಿಸಿದ್ದೇನೆ.