ಎಚ್‌ಎಫ್ ಬಾಟಲಿ ತೆರೆಯುವ ಮುಂಚೆ

ಬಳ್ಳಾರಿ ಜಿಲ್ಲೆಯಲ್ಲಿ ಕಬ್ಬಿಣದ ಅದಿರು ಪರೀಕ್ಷೆ ಮಾಡುವ ಲ್ಯಾಬ್‌ನಲ್ಲಿ ನನ್ನ ಕೆಲಸ. ಅದಿರಿನಲ್ಲಿ ಸಿಲಿಕಾ, ಅಂದರೆ ಮರಳಿನ ಅಂಶ, ಎಷ್ಟಿದೆ ಅಂತ ಹೇಳುವುದಕ್ಕೆ ಈಗ ಎಕ್ಸ್-ರೇ ಬಿಟ್ಟು ಅಳೆಯುವ ಎಕ್ಸ್‌ಆರ್‌ಎಫ್ ಮಷಿನ್ ಇದೆ. ಆದರೆ ಮಷಿನ್ ಲೆಕ್ಕ ಸರಿ ಇದೆಯಾ ಅಂತ ನೋಡಬೇಕಾದಾಗ, ಇಲ್ಲವೇ ಮಾರುವವರಿಗೂ ಕೊಳ್ಳುವವರಿಗೂ ತಕರಾರು ಬಂದಾಗ, ಹಳೆಯ ತೂಕದ ವಿಧಾನವೇ ಗತಿ. ಅದಿರಿನ ಪುಡಿಯನ್ನು ಹೈಡ್ರೋಕ್ಲೋರಿಕ್‌ನಲ್ಲಿ ಕರಗಿಸಿ, ಕರಗದೆ ಉಳಿದದ್ದನ್ನು ಸೋಸಿ, ಪ್ಲಾಟಿನಂ ಕ್ರೂಸಿಬಲ್ ಅನ್ನುವ ಪುಟ್ಟ ಬಟ್ಟಲಲ್ಲಿ ಸುಟ್ಟು ತೂಗುತ್ತೇವೆ. ಆಮೇಲೆ ಕೆಲವು ಹನಿ ಸಲ್ಫ್ಯೂರಿಕ್, ಜೊತೆಗೆ ಹೈಡ್ರೋಫ್ಲೋರಿಕ್ ಆಸಿಡ್ ಹಾಕಿ ಬಿಸಿ ಮಾಡಿದರೆ ಸಿಲಿಕಾ ಅನಿಲವಾಗಿ ಹೋಗಿಬಿಡುತ್ತದೆ. ಇನ್ನೊಮ್ಮೆ ಸುಟ್ಟು ತೂಗಿದಾಗ ಎಷ್ಟು ಕಡಿಮೆಯಾಯಿತೋ ಅಷ್ಟು ಸಿಲಿಕಾ.

ಆ ಹೈಡ್ರೋಫ್ಲೋರಿಕ್ ಆಸಿಡ್ಡನ್ನೇ ನಾವು ಎಚ್‌ಎಫ್ ಅನ್ನುವುದು. ಇದು ಗಾಜನ್ನೇ ತಿನ್ನುತ್ತದೆ, ಹಾಗಾಗಿ ಪ್ಲಾಸ್ಟಿಕ್ ಬಾಟಲಿಯಲ್ಲಿ ಬರುತ್ತದೆ. ಆಸಿಡ್ ಹೊಗೆಯನ್ನು ಫ್ಯಾನಿನಿಂದ ಹೊರಗೆಳೆಯುವ ನಮ್ಮ ಹಳೆಯ ಫ್ಯೂಮ್ ಹುಡ್‌ನ ಗಾಜಿನ ಬಾಗಿಲು ನೋಡಿದರೆ ಗೊತ್ತಾಗುತ್ತಿತ್ತು. ಕೆಳಗಿನ ಅರ್ಧ ಮಸುಕು. ಎಷ್ಟು ಒರೆಸಿದರೂ ಹೋಗುತ್ತಿರಲಿಲ್ಲ. ಹೊಗೆ ಎಲ್ಲಿ ತಾಗಿತ್ತು ಅನ್ನುವುದು ಗಾಜಿನ ಮೇಲೇ ಬರೆದಂತಿತ್ತು. ಹೊಸಬರು ಬಂದರೆ ನಾನು ಮೊದಲು ತೋರಿಸುತ್ತಿದ್ದದ್ದು ಅದನ್ನೇ. ಈಗ ಅಲ್ಲಿ ಪಾಲಿಕಾರ್ಬೊನೇಟ್ ಬಾಗಿಲು ಹಾಕಿಸಿದ್ದೇವೆ.

ನೈಟ್ರಿಕ್ ಬಿದ್ದರೆ ಚರ್ಮ ಹಳದಿಯಾಗುತ್ತದೆ, ಸಲ್ಫ್ಯೂರಿಕ್ ಬಿದ್ದರೆ ಕೂಡಲೇ ಉರಿ. ಕೈ ತಾನಾಗಿಯೇ ನಲ್ಲಿ ಕಡೆ ಹೋಗುತ್ತದೆ. ಎಚ್‌ಎಫ್ ಹಾಗಲ್ಲ. ನಾವು ಬಳಸುವ 40 ಶೇಕಡಾದ್ದು ಬಿದ್ದರೆ ಉರಿ ಶುರುವಾಗಲು ಕೆಲವು ಗಂಟೆಗಳೇ ಬೇಕಾಗಬಹುದು. ತೆಳುವಾದದ್ದಾದರೆ ಇಡೀ ದಿನವೇ ಹಿಡಿಯಬಹುದು. ಅಷ್ಟರಲ್ಲಿ ಅದು ಚರ್ಮ ದಾಟಿ ಒಳಗೆ ಇಳಿದು ಮೈಯ ಕ್ಯಾಲ್ಸಿಯಂ ಹಿಡಿದುಕೊಳ್ಳುತ್ತದೆ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದರೆ ಹೃದಯದ ಬಡಿತವೇ ತಪ್ಪುತ್ತದೆ.

ಒಂದು ಸಲ ನಮ್ಮ ಹುಡುಗನೊಬ್ಬ ಗ್ಲೌಸ್ ತೆಗೆದಾಗ ತೋರುಬೆರಳ ತುದಿ ಒದ್ದೆಯಾಗಿತ್ತು. "ಏನೂ ಉರಿಯಂಗಿಲ್ರೀ ಸರ, ಬೆವರು ಇರಬೇಕು" ಅಂದ. ಏಪ್ರಿಲ್ ತಿಂಗಳು, ಬೆವರು ಇದ್ದರೂ ಇರಬಹುದು. "ಬೆವರಾದ್ರ ಸಂತೋಷ ತಮ್ಮಾ, ಮೊದ್ಲು ಕೈ ನೀರಿಗೆ ಹಿಡಿ" ಅಂದೆ. ಐದು ನಿಮಿಷ ನೀರು ಬಿಟ್ಟು, ಆಮೇಲೆ ಕ್ಯಾಲ್ಸಿಯಂ ಗ್ಲುಕೊನೇಟ್ ಜೆಲ್ ಹಚ್ಚಿ ತಿಕ್ಕುತ್ತಲೇ ಗಾಡಿ ಹತ್ತಿಸಿದೆವು. ಸಂಜೆ ಹೊತ್ತಿಗೆ ಉಗುರಿನ ಕೆಳಗೆ ಸಿಡಿತ ಶುರುವಾಯಿತು. ಅಷ್ಟರಲ್ಲಿ ಅವನು ಡಾಕ್ಟರ್ ಕೈಯಲ್ಲಿದ್ದ. ಬೆರಳು ಉಳಿಯಿತು. ಆವತ್ತು ನೋವು ಬರಲಿ ನೋಡೋಣ ಅಂತ ಕಾದಿದ್ದರೆ ಏನಾಗುತ್ತಿತ್ತೋ, ನೆನೆಸಿಕೊಂಡರೆ ಈಗಲೂ ಎದೆ ಝಲ್ ಅನ್ನುತ್ತದೆ.

ಈ ಜೆಲ್ ಎಲ್ಲಾ ಮೆಡಿಕಲ್ ಶಾಪ್‌ನಲ್ಲೂ ಸಿಗುವುದಿಲ್ಲ. ಹಾಗಾಗಿ ತರಿಸಿಟ್ಟ 2.5 ಶೇಕಡಾ ಜೆಲ್ ಟ್ಯೂಬ್ ಎದುರಿಗೆ ಇಲ್ಲದೆ ನಮ್ಮಲ್ಲಿ ಎಚ್‌ಎಫ್ ಬಾಟಲಿ ತೆರೆಯುವಂತಿಲ್ಲ. ಅದರ ಎಕ್ಸ್‌ಪೈರಿ ತಾರೀಕನ್ನು ಗೋಡೆಯ ಮೇಲೂ ಬರೆದಿಟ್ಟಿದ್ದೇವೆ. ಹತ್ತಿರದ ಆಸ್ಪತ್ರೆಗೆ ನಾನೇ ಹೋಗಿ, ಇಂಥ ಆಸಿಡ್ ಬಳಸುತ್ತೇವೆ, ಹೆಚ್ಚುಕಮ್ಮಿಯಾದರೆ ಕ್ಯಾಲ್ಸಿಯಂ ಗ್ಲುಕೊನೇಟ್ ಬೇಕಾಗುತ್ತದೆ ಅಂತ ಮೊದಲೇ ಹೇಳಿ ಬಂದಿದ್ದೇನೆ. ಎಚ್‌ಎಫ್ ಸುಟ್ಟ ಗಾಯ ಡಾಕ್ಟರಿಗೂ ದಿನಾ ಕಾಣುವುದಲ್ಲ ಅಲ್ವಾ?

ಗ್ಲೌಸ್ ವಿಷಯದಲ್ಲಿ ನಾನು ಯಾರ ಮಾತೂ ಕೇಳುವುದಿಲ್ಲ. ಒಳಗೆ ತೆಳು ನೈಟ್ರೈಲ್, ಮೇಲೆ ದಪ್ಪ ನಿಯೋಪ್ರೀನ್. ತೆಳುವಾದದ್ದು ಒಂದನ್ನೇ ನಂಬುವಂತಿಲ್ಲ. ಹಾಕಿಕೊಳ್ಳುವ ಮುಂಚೆ ದಪ್ಪ ಗ್ಲೌಸ್‌ಗೆ ಗಾಳಿ ತುಂಬಿ, ಬಾಯಿ ತಿರುಚಿ, ನೀರಲ್ಲಿ ಅದ್ದಿ ಒತ್ತಬೇಕು. ಸೂಜಿಮೊನೆಯಷ್ಟು ತೂತಿದ್ದರೂ ಗುಳ್ಳೆ ಬರುತ್ತದೆ.

ಇನ್ನು ಬಳ್ಳಾರಿ ಬಿಸಿಲಿನ ಕಥೆ. ಪುಸ್ತಕದಲ್ಲಿ ಬರೆದ ನಿಯಮಗಳು ಈ ಬಿಸಿಲನ್ನು ನೋಡಿ ಬರೆದದ್ದಲ್ಲ. ಎಮರ್ಜೆನ್ಸಿ ಶವರ್ ಇರಬೇಕು, ಸರಿ. ನಮ್ಮ ಶವರ್‌ಗೆ ನೀರು ಬರುತ್ತಿದ್ದದ್ದು ತಾರಸಿ ಮೇಲಿನ ಕಪ್ಪು ಟ್ಯಾಂಕ್‌ನಿಂದ. ಮೇ ತಿಂಗಳ ಮಧ್ಯಾಹ್ನ ಆ ನೀರಿನ ಕೆಳಗೆ ಕೈ ಹಿಡಿಯಲು ಆಗುತ್ತಿರಲಿಲ್ಲ, ಇನ್ನು ಐದು, ಹದಿನೈದು ನಿಮಿಷ ನಿಲ್ಲುವುದು ಹೇಗೆ? ಶವರ್‌ಗೇ ಬೇರೆ ಟ್ಯಾಂಕ್ ಇಟ್ಟು, ಮೇಲೆ ಶೀಟ್ ಹಾಕಿಸಿ, ಪೈಪಿಗೆ ಗೋಣಿಚೀಲ ಸುತ್ತಿಸಿದೆವು. ಈಗ ಮಧ್ಯಾಹ್ನವೂ ನಿಲ್ಲಬಹುದು. ಸೇಫ್ಟಿ ಆಡಿಟ್‌ಗೆ ಬಂದವರು ಶವರ್ ಇದೆಯಾ ಅಂತ ಮಾತ್ರ ನೋಡುತ್ತಾರೆ. ಮಧ್ಯಾಹ್ನ ಎರಡು ಗಂಟೆಗೆ ತಿರುಗಿಸಿ ನೋಡಿ ಅನ್ನುತ್ತೇನೆ ನಾನು.

ಲಾರಿಯಲ್ಲಿ ಬಿಸಿಲು ಕುಡಿದು ಬಂದ ಹೈಡ್ರೋಕ್ಲೋರಿಕ್, ಅಮೋನಿಯಾ ಬಾಟಲಿಗಳನ್ನು ಆವತ್ತೇ ತೆರೆಯುವುದಿಲ್ಲ. ಒಳಗೆ ಒತ್ತಡ ಇರುತ್ತದೆ, ಮುಚ್ಚಳ ಸಡಿಲಿಸಿದರೆ ಮುಖಕ್ಕೇ ಹೊಡೆಯುತ್ತದೆ. ರಾತ್ರಿಯೆಲ್ಲಾ ತಣ್ಣಗೆ ಇಟ್ಟು ಬೆಳಿಗ್ಗೆ ಹುಡ್ ಒಳಗೆ ತೆರೆಯುತ್ತೇವೆ. ಸಲ್ಫ್ಯೂರಿಕ್ ತೆಳು ಮಾಡಲು ನೀರಿಗೆ ಆಸಿಡ್ ಹಾಕಬೇಕು ಅಂತ ಎಲ್ಲರಿಗೂ ಗೊತ್ತು. ಆದರೆ ನಮ್ಮಲ್ಲಿ ಆ ನೀರೇ ಬಿಸಿ. ಡಿಸ್ಟಿಲ್ಡ್ ವಾಟರನ್ನು ಫ್ರಿಜ್‌ನಲ್ಲಿಟ್ಟು, ಬೀಕರನ್ನು ಐಸ್ ನೀರಿನ ಟಬ್‌ನಲ್ಲಿ ಕೂರಿಸಿ, ಸಣ್ಣಗೆ ಸುರಿಯುತ್ತೇವೆ.

ಕರೆಂಟ್ ಹೋಗುವುದು ಇದಕ್ಕಿಂತ ದೊಡ್ಡ ಅಪಾಯ. ಹುಡ್‌ನ ಫ್ಯಾನ್ ಕೂಡಲೇ ನಿಲ್ಲುತ್ತದೆ. ಕ್ರೂಸಿಬಲ್ ಕೆಳಗಿನ ಮರಳಿನ ತಟ್ಟೆ ಮಾತ್ರ ಆರುವುದಿಲ್ಲ, ಎಚ್‌ಎಫ್ ಆವಿ ಏಳುತ್ತಲೇ ಇರುತ್ತದೆ. ಅದಕ್ಕೇ ಫ್ಯಾನನ್ನು ಜನರೇಟರ್‌ಗೆ ಕೊಟ್ಟಿದ್ದೇವೆ. ಜನರೇಟರ್ ಹಿಡಿಯುವವರೆಗೆ ಯಾರೂ ಒಳಗೆ ನಿಲ್ಲುವಂತಿಲ್ಲ. ಹುಡ್ ಬಾಗಿಲು ಕೆಳಗೆ ಎಳೆದು ಹೊರಗೆ ಬರಬೇಕು. ಸ್ಯಾಂಪಲ್ ಹಾಳಾದರೆ ಹಾಳಾಗಲಿ, ಇನ್ನೊಂದು ತೂಗಬಹುದು. ಎಚ್‌ಎಫ್ ಕೆಲಸವೆಲ್ಲ ಬೆಳಿಗ್ಗೆಯೇ ಮುಗಿಸುತ್ತೇವೆ. ಮಧ್ಯಾಹ್ನದ ಸೆಕೆಗೆ ಹುಡುಗರ ಕೈ ಏಪ್ರನ್ ಬಿಚ್ಚಲು ತಾನಾಗಿಯೇ ಹೋಗುತ್ತದೆ, ಅವರನ್ನು ಬೈದು ಉಪಯೋಗವಿಲ್ಲ.

ನೆಲಕ್ಕೆ ಚೆಲ್ಲಿದರೆ ಮರಳು ಹಾಕುವುದು ಲ್ಯಾಬ್‌ಗಳಲ್ಲಿ ರೂಢಿ. ಎಚ್‌ಎಫ್ ಮೇಲೆ ಮರಳು ಬೇಡವೇ ಬೇಡ. ಮರಳೂ ಸಿಲಿಕಾನೇ, ವಿಷದ ಅನಿಲ ಏಳುತ್ತದೆ. ಅದಕ್ಕೆ ಸುಣ್ಣದ ಪುಡಿ. ಕೆಲಸ ಮುಗಿದ ಮೇಲೆ ಉಳಿದ ಎಚ್‌ಎಫ್ ಕೂಡ ಪ್ಲಾಸ್ಟಿಕ್ ಡ್ರಮ್‌ನ ಸುಣ್ಣದ ತಿಳಿಗೆ ನಿಧಾನವಾಗಿ ಹೋಗುತ್ತದೆ. ಅಲ್ಲಿ ಕ್ಯಾಲ್ಸಿಯಂ ಫ್ಲೋರೈಡ್ ಆಗಿ ತಳಕ್ಕೆ ಕೂರುತ್ತದೆ. ಸಿಂಕ್‌ಗೆ ಒಂದು ಹನಿಯೂ ಬಿಡುವುದಿಲ್ಲ. ನಮ್ಮ ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆ ಎಷ್ಟೋ ಊರುಗಳ ಬೋರ್‌ವೆಲ್ ನೀರಲ್ಲಿ ಮೊದಲೇ ಫ್ಲೋರೈಡ್ ಜಾಸ್ತಿ. ಕುಡಿಯುವ ನೀರಿಗೆ ಲೀಟರಿಗೆ 1.5 ಮಿಲಿಗ್ರಾಂ ಮೇಲ್ಮಿತಿ. ಅದನ್ನು ದಾಟಿದ ನೀರು ಕುಡಿದು ಹಲ್ಲು ಕಂದಾದ ಮಕ್ಕಳನ್ನು ನಾನು ಕಣ್ಣಾರೆ ನೋಡಿದ್ದೇನೆ. ಡ್ರಮ್ಮಿನ ತಿಳಿ ನೀರಿನ ಪಿಎಚ್, ಫ್ಲೋರೈಡ್ ಎರಡನ್ನೂ ಅಳೆದು ಪುಸ್ತಕದಲ್ಲಿ ಬರೆದ ಮೇಲೆಯೇ ಅದು ಹೊರಗೆ ಹೋಗುತ್ತದೆ. ತಳದ ಗಸಿ ಅಪಾಯಕಾರಿ ತ್ಯಾಜ್ಯ ಒಯ್ಯಲು ಪರವಾನಗಿ ಇರುವವರಿಗೆ.