ಸಮುದ್ರದಡಿ ಎಣ್ಣೆ ಸಿಕ್ಕ ಸುದ್ದಿ ಬಂದಾಗ ಹಾಕಬೇಕಾದ ಲೆಕ್ಕ

ಬ್ಯಾಡಗಿಯಲ್ಲಿ ನಮ್ಮದು ಮೆಣಸಿನಕಾಯಿ ದಲಾಲಿ ಅಂಗಡಿ. ಸೋಮವಾರ, ಗುರುವಾರ ಟೆಂಡರ್ ಗಲಾಟೆ. ಉಳಿದ ಸಂಜೆ ಶೇರಿನ ಮಾತು. ‘ಆಳ ಸಮುದ್ರದಲ್ಲಿ 800 ಕೋಟಿ ಬ್ಯಾರೆಲ್ ಎಣ್ಣೆ’ ಅಂತ ಯಾರಾದರೂ ಕಳಿಸಿದರೆ ಸಾಕು, ಹುಡುಗರ ಕೈ ಫೋನಿಗೆ ಹೋಗುತ್ತದೆ. ಕೊಳ್ಳಬೇಡಿ ಅನ್ನುವುದಿಲ್ಲ. ಮೊದಲು ಒಂದು ಚೀಟಿ, ಪೆನ್ನು ತಗೊಳ್ಳಿ.

ಆ ಅಂಕಿ ನೆಲದಡಿ ಇರುವ ಒಟ್ಟು ಎಣ್ಣೆಯದೋ, ತೆಗೆಯಲು ಆಗುವುದರದೋ ನೋಡಿ. ಎರಡಕ್ಕೂ ಭಾರೀ ವ್ಯತ್ಯಾಸ. ಕಲ್ಲಿನ ಸಣ್ಣ ಸಣ್ಣ ತೂತುಗಳಲ್ಲಿ ಬಹಳಷ್ಟು ಎಣ್ಣೆ ಅಲ್ಲೇ ಉಳಿದುಬಿಡುತ್ತದೆ. ಹೊಲದಲ್ಲಿ ನಿಂತ ಕಾಯಿ ಎಲ್ಲಾ ನಮ್ಮ ಅಂಗಡಿಗೆ ಬರುತ್ತದೆಯೇ? ರೇಟು ಬಿದ್ದು ಬಿಡಿಸುವ ಕೂಲಿಯೂ ಹುಟ್ಟದಿದ್ದರೆ ರೈತ ಗಿಡದಲ್ಲೇ ಬಿಡುತ್ತಾನೆ. ಎಣ್ಣೆಯೂ ಹಾಗೇ. ಬೆಲೆ ಕುಸಿದರೆ ಕಂಪನಿಯ ಪುಸ್ತಕದಲ್ಲಿ ನಿಕ್ಷೇಪವೂ, ಅಂದರೆ ತೆಗೆದರೆ ಲಾಭ ಹುಟ್ಟುವ ಎಣ್ಣೆಯ ಲೆಕ್ಕವೂ, ಕಡಿಮೆಯಾಗುತ್ತದೆ, ಎಣ್ಣೆ ಇದ್ದಲ್ಲೇ ಇದ್ದರೂ.

ಆಮೇಲೆ ಖಾತ್ರಿ ಎಷ್ಟು ಅಂತ ಹುಡುಕಿ. ನಿಕ್ಷೇಪದ ಅಂಕಿಯ ಪಕ್ಕ 1ಪಿ, 2ಪಿ, 3ಪಿ ಎಂಬ ಗುರುತು ಇರುತ್ತದೆ. 1ಪಿ ಅಂದರೆ ಅಷ್ಟಾದರೂ ಸಿಗುವ ಸಾಧ್ಯತೆ ಶೇ. 90. 2ಪಿ ಅಂದರೆ ಶೇ. 50. 3ಪಿ ಅಂದರೆ ಬರೀ ಶೇ. 10. ನಾನು 1ಪಿ ಬಿಟ್ಟು ಬೇರೆ ನೋಡುವುದು ಕಡಿಮೆ.

ಬ್ರೆಜಿಲ್‌ನ ಟುಪಿ ಕ್ಷೇತ್ರವನ್ನೇ ತಗೊಳ್ಳಿ. 2006ರಲ್ಲಿ ಸಿಕ್ಕಿತು. ಎರಡು ಕಿಲೋಮೀಟರ್‌ಗೂ ಜಾಸ್ತಿ ನೀರು, ಅದರಡಿ ಕಲ್ಲು, ಮತ್ತೆ ದಪ್ಪನೆಯ ಉಪ್ಪಿನ ಪದರ, ಅದರ ಕೆಳಗೆ ಎಣ್ಣೆ. 2007ರಲ್ಲಿ ಅಲ್ಲಿನ ಸರ್ಕಾರಿ ಎಣ್ಣೆ ಕಂಪನಿ ಪೆಟ್ರೋಬ್ರಾಸ್ ಹೇಳಿದ್ದು 500ರಿಂದ 800 ಕೋಟಿ ಬ್ಯಾರೆಲ್. ಪೇಪರಿನವರಿಗೆ ಕಂಡಿದ್ದು 800 ಮಾತ್ರ! 2010ರ ಡಿಸೆಂಬರ್‌ನಲ್ಲಿ 650 ಕೋಟಿ ಎಂದು ಘೋಷಿಸಿದರು. ಅದರಲ್ಲೂ ಗ್ಯಾಸನ್ನು ಎಣ್ಣೆಯ ಲೆಕ್ಕಕ್ಕೆ ಪರಿವರ್ತಿಸಿ ಸೇರಿಸಿತ್ತು. ‘ಎಣ್ಣೆಗೆ ಸಮಾನ’ ಎಂಬ ಸಣ್ಣ ಮಾತು ಕಂಡರೆ ಅಡಿಗೆರೆ ಹಾಕಿ. ಅದೇ ವೇಳೆಗೆ ಕ್ಷೇತ್ರದ ಹೆಸರು ಲೂಲಾ ಆಯಿತು, 2020ರಲ್ಲಿ ಮತ್ತೆ ಟುಪಿ. ಹಳೇ ಅಂಕಿ ಬೇಕೆಂದರೆ ಎರಡೂ ಹೆಸರಲ್ಲಿ ಹುಡುಕಬೇಕು.

ಈಗ ದಿನದ ಉತ್ಪಾದನೆ. ನನ್ನ ಪ್ರಕಾರ ದುಡ್ಡಿನ ಗುಟ್ಟು ಇಲ್ಲೇ ಇದೆ. 2010ರಲ್ಲಿ ಅಲ್ಲಿ ನಿಂತ ಮೊದಲ ದೊಡ್ಡ ಉತ್ಪಾದನಾ ಹಡಗಿನ ಸಾಮರ್ಥ್ಯ ದಿನಕ್ಕೆ 1 ಲಕ್ಷ ಬ್ಯಾರೆಲ್. 650 ಕೋಟಿಯನ್ನು ಅದರಿಂದ ಭಾಗಿಸಿ: 65,000 ದಿನ, ಅಂದರೆ 178 ವರ್ಷ. ಒರಟು ಲೆಕ್ಕವೇ, ಆದರೂ ಗೊತ್ತಾಯಿತಲ್ವಾ? ಹಾಗಾಗಿ ಒಂದರ ಹಿಂದೆ ಒಂದು ಹಡಗು ತಂದರು. ಮುಂದೆ ಉತ್ಪಾದನೆ ದಿನಕ್ಕೆ 10 ಲಕ್ಷ ಬ್ಯಾರೆಲ್ ಮುಟ್ಟಿತು. ಹಡಗು ಎಷ್ಟು, ಇನ್ನೆಷ್ಟು ಬರಲಿವೆ, ಯಾವಾಗ, ಇದನ್ನು ಬರೆದುಕೊಳ್ಳಿ.

ನಮ್ಮ ದೇಶದ ಸುದ್ದಿಗೂ ಇದೇ ಕ್ರಮ. 2024ರ ಜನವರಿಯಲ್ಲಿ ಓಎನ್‌ಜಿಸಿ ಕೃಷ್ಣಾ-ಗೋದಾವರಿ ಆಳ ಸಮುದ್ರದ ಬ್ಲಾಕಿನಿಂದ ಎಣ್ಣೆ ತೆಗೆಯಲು ಶುರು ಮಾಡಿತು. ದಿನಕ್ಕೆ 45,000 ಬ್ಯಾರೆಲ್ ಎಂದು ಎಲ್ಲೆಡೆ ಬಂತು. ಅದು ಮುಟ್ಟಬೇಕಾದ ಗರಿಷ್ಠ ಮಟ್ಟ, ಮೊದಲ ದಿನದ್ದಲ್ಲ. ಮೂರು ತಿಂಗಳಿಗೊಮ್ಮೆ ಬರುವ ಫಲಿತಾಂಶದಲ್ಲಿ ನಿಜವಾಗಿ ತೆಗೆದಿದ್ದು ಎಷ್ಟು ನೋಡಿ, ಚೀಟಿಯಲ್ಲಿ 45,000ದ ಪಕ್ಕಕ್ಕೆ ಬರೆಯಿರಿ. ಕೊಳ್ಳುವ ಮಾತು ಆಮೇಲೆ.