ಕನ್‌ಫೌಂಡರ್ ಪತ್ತೆ: ಲೆಕ್ಕಕ್ಕಿಂತ ಮೊದಲು ಚಿತ್ರ

ಮದ್ಯ ಕುಡಿಯುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚು ಕಂಡಿತು ಎಂದುಕೊಳ್ಳಿ. ಕುಡಿಯುವವರಲ್ಲಿ ಸಿಗರೇಟು ಸೇದುವವರೂ ಹೆಚ್ಚಿದ್ದರೆ, ಸಿಗರೇಟಿನ ತಪ್ಪು ಮದ್ಯದ ತಲೆಗೆ ಬರುತ್ತದೆ. ಇಲ್ಲಿ ಸಿಗರೇಟೇ ಕನ್‌ಫೌಂಡರ್.

ಒಂದು ಅಂಶವನ್ನು ಹಾಗೆ ಕರೆಯುವ ಮುನ್ನ ಮೂರು ಪ್ರಶ್ನೆ ಕೇಳಿ. ನೀವು ಪರೀಕ್ಷಿಸುತ್ತಿರುವ ಅಪಾಯಕಾರಿ ಅಂಶದ ಜೊತೆ ಅದಕ್ಕೆ ನಂಟಿದೆಯೇ? ಆ ಅಪಾಯಕಾರಿ ಅಂಶವಿಲ್ಲದವರಲ್ಲೂ ಅದು ರೋಗದ ಅಪಾಯವನ್ನು ಹೆಚ್ಚಿಸುತ್ತದೆಯೇ ಅಥವಾ ತಗ್ಗಿಸುತ್ತದೆಯೇ? ಅದು ಕಾರಣದಿಂದ ರೋಗಕ್ಕೆ ಹೋಗುವ ದಾರಿಯ ನಡುವೆ ಇಲ್ಲ ತಾನೇ? ಮೊದಲೆರಡಕ್ಕೆ ‘ಹೌದು’, ಮೂರನೆಯದಕ್ಕೆ ‘ಇಲ್ಲ, ನಡುವೆ ಇಲ್ಲ’ ಎಂದು ಬರಬೇಕು. ಹಲವರು ಎಡವುವುದು ಮೂರನೆಯದರಲ್ಲಿ.

ಆದ್ದರಿಂದ ಡೇಟಾ ತೆರೆಯುವ ಮೊದಲೇ ಕಾಗದದ ಮೇಲೆ ಬಾಣಗಳ ಚಿತ್ರ ಬರೆಯಿರಿ. ಯಾವುದು ಯಾವುದಕ್ಕೆ ಕಾರಣ ಎಂಬುದು ವಿಷಯಜ್ಞಾನದಿಂದ ಬರಬೇಕು. ಫಲಿತಾಂಶ ಬರೀ ಆಕಸ್ಮಿಕತೆಗೆ ಎಷ್ಟು ಹೊಂದುತ್ತದೆ ಎಂದು ತೋರಿಸುವ ಪಿ-ಮೌಲ್ಯ ಅದನ್ನು ಹೇಳಲಾರದು. ತಾಯಿಯ ಧೂಮಪಾನ ಮತ್ತು ಶಿಶುಮರಣದ ಅಧ್ಯಯನಗಳನ್ನೇ ನೋಡಿ. ಧೂಮಪಾನದಿಂದ ಜನನತೂಕ ಇಳಿಯುತ್ತದೆ, ಅಂದರೆ ತೂಕ ದಾರಿಯ ನಡುವಿನದು. ಆದರೂ ಕಡಿಮೆ ತೂಕದ ಶಿಶುಗಳನ್ನಷ್ಟೇ ಹೋಲಿಸಿದಾಗ, ಸೇದುವ ತಾಯಂದಿರ ಮಕ್ಕಳೇ ಹೆಚ್ಚು ಬದುಕುಳಿದಂತೆ ಕಂಡಿತು! ಸೇದದ ತಾಯಿಯ ಮಗುವಿನ ತೂಕ ಕಡಿಮೆಯಿದ್ದರೆ ಅದರ ಹಿಂದೆ ಜನ್ಮಜಾತ ದೋಷದಂಥ ಇನ್ನೂ ಗಂಭೀರ ಕಾರಣ ಇರುವ ಸಾಧ್ಯತೆ ಹೆಚ್ಚು. ಹೋಲಿಕೆಯೇ ವಕ್ರವಾಗಿತ್ತು, ಸಿಗರೇಟು ರಕ್ಷಿಸಲಿಲ್ಲ.

ಚಿತ್ರವಾದ ಮೇಲೆ ಪದರ ಬಿಡಿಸಿ, ಅಂದರೆ ಕನ್‌ಫೌಂಡರ್ ಇರುವವರನ್ನೂ ಇಲ್ಲದವರನ್ನೂ ಬೇರೆಬೇರೆ ಗುಂಪಾಗಿ ನೋಡಿ. ಕಲ್ಪಿತ ಅಂಕಿ: ಕುಡಿಯುವ 1,000 ಜನರಲ್ಲಿ 64 ರೋಗಿಗಳು, ಕುಡಿಯದ 1,000 ಜನರಲ್ಲಿ 28. ರಿಲೇಟಿವ್ ರಿಸ್ಕ್, ಅಂದರೆ ಎರಡು ಗುಂಪುಗಳ ಅಪಾಯದ ಅನುಪಾತ, ಸುಮಾರು 2.3. ಈಗ ಸೇದುವವರನ್ನು ಬೇರೆ ಮಾಡಿ: ಕುಡಿಯುವವರಲ್ಲಿ 600ಕ್ಕೆ 60, ಕುಡಿಯದವರಲ್ಲಿ 200ಕ್ಕೆ 20. ಸೇದದವರಲ್ಲಿ 400ಕ್ಕೆ 4, 800ಕ್ಕೆ 8. ಎರಡೂ ಪದರದಲ್ಲಿ ಅನುಪಾತ 1. ಮದ್ಯದ ಮೇಲಿನ ಆರೋಪ ಬಿದ್ದುಹೋಯಿತು.

ಪದರಗಳ ಅನುಪಾತ ಹತ್ತಿರ ಹತ್ತಿರವಿದ್ದರೆ ಪದರಗಳ ತೂಕ ನೋಡಿ ಸರಾಸರಿ ತೆಗೆಯುವ ಮ್ಯಾಂಟೆಲ್-ಹೆನ್ಸೆಲ್ ವಿಧಾನದಿಂದ ಒಂದುಗೂಡಿಸಿ. ಒಂದರಲ್ಲಿ 1, ಇನ್ನೊಂದರಲ್ಲಿ 4 ಬಂದರೆ ಸರಾಸರಿ ಮಾಡಬೇಡಿ. ಅದು ಪರಿಣಾಮವೇ ಪದರದಿಂದ ಪದರಕ್ಕೆ ಬದಲಾಗುವ ಸ್ಥಿತಿ, ಎರಡನ್ನೂ ಬೇರೆಬೇರೆಯಾಗಿಯೇ ವರದಿ ಮಾಡಬೇಕು. ಕನ್‌ಫೌಂಡರ್‌ಗಳು ನಾಲ್ಕೈದಾದರೆ ಪದರಗಳು ಖಾಲಿಯಾಗುತ್ತವೆ, ಆಗ ಹಲವು ಅಂಶಗಳನ್ನು ಒಂದೇ ಸಮೀಕರಣದಲ್ಲಿ ಲೆಕ್ಕಕ್ಕೆ ತರುವ ರಿಗ್ರೆಶನ್ ಬಳಸಿ.

ಹೀಗೆ ಕನ್‌ಫೌಂಡರ್ ಅನ್ನು ಲೆಕ್ಕಕ್ಕೆ ಹೊಂದಿಸಿದ ಮಾತ್ರಕ್ಕೆ ಮುಗಿಯಲಿಲ್ಲ. ಧೂಮಪಾನವನ್ನು ‘ಹೌದು/ಇಲ್ಲ’ ಎಂದಷ್ಟೇ ದಾಖಲಿಸಿದ್ದರೆ ದಿನಕ್ಕೆ ಎರಡು ಸೇದುವವನೂ ನಲವತ್ತು ಸೇದುವವನೂ ಒಂದೇ ಗುಂಪು. ಕನ್‌ಫೌಂಡಿಂಗ್ ಒಂದಿಷ್ಟು ಅಲ್ಲೇ ಉಳಿಯುತ್ತದೆ. ದಿನದ ಪ್ಯಾಕುಗಳನ್ನು ಸೇದಿದ ವರ್ಷಗಳಿಂದ ಗುಣಿಸಿ ಬರೆದುಕೊಳ್ಳಿ. ಇದನ್ನು ಪ್ರಶ್ನಾವಳಿ ಅಚ್ಚಾಗುವ ಮೊದಲೇ ಯೋಚಿಸಬೇಕು.

ಅಳೆಯದೇ ಬಿಟ್ಟ ಅಂಶಗಳಿಗೆ ಇ-ಮೌಲ್ಯ ಲೆಕ್ಕ ಹಾಕಿ: ರಿಲೇಟಿವ್ ರಿಸ್ಕ್ 2 ಆದರೆ 2 + √(2×(2−1)), ಅಂದರೆ ಸುಮಾರು 3.4. ಕಾಣದ ಕನ್‌ಫೌಂಡರ್ ಒಂದೇ ಈ ಫಲಿತಾಂಶವನ್ನು ಪೂರ್ತಿ ಅಳಿಸಬೇಕಾದರೆ, ಕಾರಣದ ಜೊತೆಗೂ ರೋಗದ ಜೊತೆಗೂ ಅದರ ನಂಟು ಕನಿಷ್ಠ ಅಷ್ಟು ಬಲವಾಗಿರಬೇಕು. ಒಂದು ಕಡೆ ಬಲ ಕಡಿಮೆಯಾದರೆ ಇನ್ನೊಂದು ಕಡೆ ಇನ್ನೂ ಹೆಚ್ಚಿರಬೇಕು.